ಫಾರ್ಮ್ ಒಂದು ಕಡೆ, ಡೇಟಾ ಇನ್ನೊಂದು ಕಡೆ

ಲಿಬ್ರೆಆಫೀಸ್ ಎಂಬ ಉಚಿತ ಆಫೀಸ್ ತಂತ್ರಾಂಶದಲ್ಲಿ ಡೇಟಾಬೇಸ್ ಮಾಡಿಕೊಳ್ಳಲು ಇರುವ ಭಾಗ ಬೇಸ್. ಅದನ್ನು ತೆರೆದ ಕೂಡಲೇ ಒಂದು ಪ್ರಶ್ನೆ ಎದುರಾಗುತ್ತದೆ. ಹೊಸ ಡೇಟಾಬೇಸ್ ಮಾಡಬೇಕಾ, ಈಗಾಗಲೇ ಇರುವ ಫೈಲ್ ತೆರೆಯಬೇಕಾ, ಇಲ್ಲಾ ಬೇರೆಲ್ಲೋ ಇರುವ ಡೇಟಾಬೇಸ್ ಜೊತೆ ಕನೆಕ್ಟ್ ಆಗಬೇಕಾ? ಮೊದಲನೆಯದಕ್ಕೆ ಆಗಲೇ ಗುರುತು ಬಿದ್ದಿರುತ್ತದೆ. ಹೆಚ್ಚಿನವರು ಹಾಗೇ ನೆಕ್ಸ್ಟ್ ಒತ್ತಿ ಮುಂದೆ ಹೋಗುತ್ತಾರೆ. ಅದರಲ್ಲಿ ತಪ್ಪೇನೂ ಇಲ್ಲ. ಮೂರನೆಯದನ್ನು ಆರಿಸಬೇಕು ಅಂದರೆ ಹೊರಗಿನ ಡೇಟಾಬೇಸ್ ಜೊತೆ ಮಾತಾಡುವ ದಾರಿಗಳಾದ ಜೆಡಿಬಿಸಿ, ಒಡಿಬಿಸಿ, ಅವಕ್ಕೆ ಬೇಕಾದ ಡ್ರೈವರ್, ಪೋರ್ಟ್ ಇವೆಲ್ಲ ಗೊತ್ತಿರಬೇಕು. ಒಂದು ಪುಸ್ತಕಗಳ ಪಟ್ಟಿಯನ್ನೋ ಸದಸ್ಯರ ಪಟ್ಟಿಯನ್ನೋ ಮಾಡಿಕೊಳ್ಳಲು ಕೂತವರಿಗೆ ಅವೆಲ್ಲ ಯಾಕೆ ಗೊತ್ತಿರುತ್ತವೆ?

ನನ್ನನ್ನು ಬಹಳ ದಿನದಿಂದ ಕಾಡುತ್ತಿರುವುದು ಇದೇ. ಮನುಷ್ಯನಿಗೆ ವಿಷಯ ಅತಿ ಕಡಿಮೆ ಗೊತ್ತಿರುವ ಹೊತ್ತಿನಲ್ಲೇ ಈ ಪ್ರಶ್ನೆ ಬರುತ್ತದೆ. ಆದರೆ ಮುಂದಿನ ಹಲವು ವರ್ಷ ಅವನು ಟೈಪ್ ಮಾಡುವ ಪ್ರತಿ ಸಾಲು ಎಲ್ಲಿ ಕೂರುತ್ತದೆ, ಕರೆಂಟ್ ಹೋದರೆ ಏನಾಗುತ್ತದೆ, ಇಬ್ಬರು ಒಟ್ಟಿಗೆ ಕೆಲಸ ಮಾಡಬಹುದಾ ಇಲ್ವಾ ಅನ್ನುವುದೆಲ್ಲ ಆ ಒಂದು ಕ್ಲಿಕ್‌ನಲ್ಲಿ ತೀರ್ಮಾನವಾಗಿಬಿಡುತ್ತದೆ. ಬೇಸ್ ಕೆಟ್ಟದ್ದು, ಅದನ್ನು ಬಿಟ್ಟುಬಿಡಿ ಅನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ಬೇಸ್ ಒಳ್ಳೆಯ ಕೆಲಸಗಾರ. ಅದರ ಕೈಗೆ ಕೊಡಬಾರದ ಒಂದು ಕೆಲಸವನ್ನು ಕೊಟ್ಟಿದ್ದೇವೆ, ಅಷ್ಟೇ. ಡೇಟಾವನ್ನು ಡಿಸ್ಕಿಗೆ ಬರೆದು ಕಾಯುವ ಕೆಲಸ ಅದು.

ಜಿಪ್ ಒಳಗೆ ಕೂತ ಎಂಜಿನ್

ಬೇಸ್ ಉಳಿಸುವ ಒಡಿಬಿ ಫೈಲ್ ಅಂದರೆ ಒಂದು ಜಿಪ್, ಹಲವು ಫೈಲುಗಳನ್ನು ಒಟ್ಟಿಗೆ ಕಟ್ಟಿದ ಗಂಟು. ಹೆಸರು ಬದಲಿಸಿ ಯಾವುದೇ ಜಿಪ್ ತಂತ್ರಾಂಶದಲ್ಲಿ ತೆರೆದು ನೋಡಬಹುದು. ಒಳಗೆ ಕಂಟೆಂಟ್ ಡಾಟ್ ಎಕ್ಸ್‌ಎಂಎಲ್ ಇರುತ್ತದೆ. ಕ್ವೆರಿಗಳು (ಡೇಟಾಬೇಸಿಗೆ ಕೇಳುವ ಪ್ರಶ್ನೆಗಳು), ಕನೆಕ್ಷನ್ ವಿವರ ಎಲ್ಲ ಅದರಲ್ಲಿ. ಫಾರ್ಮ್‌ಗಳಿಗೆ ಒಂದು ಫೋಲ್ಡರ್, ರಿಪೋರ್ಟ್‌ಗಳಿಗೆ ಇನ್ನೊಂದು. ಮೊದಲ ಆಯ್ಕೆ ಒತ್ತಿ ಎಚ್‌ಎಸ್‌ಕ್ಯೂಎಲ್‌ಡಿಬಿ ಜೊತೆ ಮಾಡಿದ ಫೈಲಾದರೆ ‘ಡೇಟಾಬೇಸ್’ ಅನ್ನುವ ಮತ್ತೊಂದು ಫೋಲ್ಡರ್ ಇರುತ್ತದೆ. ಅದರೊಳಗೆ ಸ್ಕ್ರಿಪ್ಟ್, ಡೇಟಾ, ಪ್ರಾಪರ್ಟೀಸ್, ಬ್ಯಾಕಪ್ ಎಂಬ ಫೈಲುಗಳು. ಎಂಜಿನ್ ಅಂದರೆ ಡೇಟಾವನ್ನು ಬರೆದು, ಹುಡುಕಿ ಕೊಡುವ ತಂತ್ರಾಂಶ. ಜಾವಾದಲ್ಲಿ ಬರೆದ ಅಂಥ ಒಂದು ಎಂಜಿನ್ನಿನ ಸಂಸಾರವೆಲ್ಲ ಆ ಫೋಲ್ಡರಿನಲ್ಲಿ ಕೂತಿರುತ್ತದೆ.

2005ರ ಅಕ್ಟೋಬರಿನಲ್ಲಿ ಲಿಬ್ರೆಆಫೀಸ್‌ನ ಮೂಲವಾದ ಓಪನ್‌ಆಫೀಸ್ 2.0 ಬಂದಾಗ ಬೇಸ್ ಕೂಡ ಈ ರೂಪದಲ್ಲೇ ಬಂತು. ಒಂದೇ ಫೈಲು, ಇಮೇಲ್‌ನಲ್ಲಿ ಕಳಿಸಬಹುದು, ಪೆನ್‌ಡ್ರೈವ್‌ನಲ್ಲಿ ಒಯ್ಯಬಹುದು. ಜಾವಾ ಒಂದಿದ್ದರೆ ಬೇರೆ ಏನನ್ನೂ ಇನ್‌ಸ್ಟಾಲ್ ಮಾಡಬೇಕಿಲ್ಲ. ಅದು ಸಣ್ಣ ಅನುಕೂಲವಲ್ಲ. ರೈಟರ್‌ನ ಬರಹದ ಫೈಲನ್ನೋ ಕ್ಯಾಲ್ಕ್‌ನ ಲೆಕ್ಕದ ಹಾಳೆಯನ್ನೋ ಬಳಸಿದವರಿಗೆ ಇದೂ ಹಾಗೇ ಒಂದು ಫೈಲು ಅಂತ ಅನ್ನಿಸಬೇಕು ಅನ್ನುವುದೇ ಅದರ ಹಿಂದಿನ ಆಸೆ.

ತೊಂದರೆ ಅಲ್ಲೇ ಶುರುವಾಗುವುದು. ರೈಟರ್ ಫೈಲ್ ಒಂದು ಕಾಗದ. ನಾವು ಸೇವ್ ಮಾಡಿದಾಗ ಉಳಿಯುತ್ತದೆ, ಅಲ್ಲಿಯವರೆಗೆ ಉಳಿಯುವುದಿಲ್ಲ. ಅದು ಎಲ್ಲರಿಗೂ ಗೊತ್ತು. ಡೇಟಾಬೇಸಿನ ಮಾತೇ ಬೇರೆ. ಒಂದು ಸಾಲು ಬರೆದು ‘ಆಯಿತು’ ಅಂತ ಎಂಜಿನ್ ಹೇಳಿದರೆ ಆಯಿತು ಅಂತಲೇ ಅರ್ಥ. ಮರುಕ್ಷಣ ಕರೆಂಟ್ ಹೋದರೂ ಅದು ಇರಬೇಕು. ಆ ಭರವಸೆಗಾಗಿಯೇ ಎಂಜಿನ್‌ಗಳು ಒಂದು ಲಾಗ್ ಇಟ್ಟುಕೊಳ್ಳುತ್ತವೆ. ಬದಲಾವಣೆಯನ್ನು ಮೊದಲು ಲಾಗಿಗೆ ಬರೆದು, ಅದನ್ನು ಡಿಸ್ಕಿನ ತನಕ ತಳ್ಳಿ, ಆಮೇಲೆ ‘ಆಯಿತು’ ಅನ್ನುತ್ತವೆ. ನಡುವೆ ಯಂತ್ರ ನಿಂತುಹೋದರೆ, ಮುಂದಿನ ಸಲ ಎದ್ದಾಗ ಲಾಗ್ ಓದಿಕೊಂಡು ಬಿಟ್ಟಲ್ಲಿಂದ ಸರಿಮಾಡಿಕೊಳ್ಳುತ್ತವೆ.

ಒಡಿಬಿ ಒಳಗಿನ ಎಂಜಿನ್‌ಗೂ ಈ ವಿದ್ಯೆ ಗೊತ್ತು. ಆದರೆ ಅದು ಬರೆಯುವುದು ನಿಜವಾದ ಡಿಸ್ಕಿಗಲ್ಲ. ಆಫೀಸ್ ತಂತ್ರಾಂಶ ಜಿಪ್ಪನ್ನು ಬಿಚ್ಚಿ ತಾತ್ಕಾಲಿಕವಾಗಿ ಒಂದು ಜಾಗ ಕೊಟ್ಟಿರುತ್ತದೆ, ಅಲ್ಲಿಗೆ ಬರೆಯುತ್ತದೆ. ಅದೆಲ್ಲ ಮತ್ತೆ ಜಿಪ್ ಆಗಿ ನಮ್ಮ ಫೈಲಿಗೆ ಸೇರುವುದು ನಾವು ಸೇವ್ ಮಾಡಿದಾಗ ಅಥವಾ ಮುಚ್ಚಿದಾಗ. ಅಂದರೆ ಎಂಜಿನ್ ಕೊಟ್ಟ ಮಾತನ್ನು ಉಳಿಸುವ ಜವಾಬ್ದಾರಿ ಎಂಜಿನ್ ಕೈಯಲ್ಲೇ ಇಲ್ಲ. ಫಾರ್ಮ್‌ನಲ್ಲಿ ಮುಂದಿನ ದಾಖಲೆಗೆ ಹೋದಾಗ ಹಿಂದಿನದು ಉಳಿಯಿತು ಅಂತ ನಾವು ನಂಬುತ್ತೇವೆ. ಎಂಜಿನ್ ಕೂಡ ಹಾಗೇ ನಂಬಿರುತ್ತದೆ.

ಎಂಜಿನ್ ಬದಲಾಯಿಸಿದರೂ ಈ ಕಥೆ ಬದಲಾಗುವುದಿಲ್ಲ. 2014ರ ಆರಂಭದಲ್ಲಿ ಬಂದ ಲಿಬ್ರೆಆಫೀಸ್ 4.2ರಲ್ಲಿ ಫೈರ್‌ಬರ್ಡ್ ಎಂಜಿನ್ನನ್ನು ಪ್ರಾಯೋಗಿಕವಾಗಿ ಒಳಗೆ ತಂದರು. ಜಾವಾದ ಮೇಲಿನ ಅವಲಂಬನೆ ತಪ್ಪಬೇಕು ಅನ್ನುವುದು ಅದಕ್ಕೆ ಒಂದು ದೊಡ್ಡ ಕಾರಣ. ಒಳ್ಳೆಯ ಎಂಜಿನ್, ಬೋರ್ಲ್ಯಾಂಡ್ 2000ನೇ ಇಸವಿಯಲ್ಲಿ ಮುಕ್ತಗೊಳಿಸಿದ ಇಂಟರ್‌ಬೇಸ್‌ನ ವಂಶದ್ದು. ಆದರೆ ಒಡಿಬಿ ಒಳಗೆ ಅದು ತನ್ನ ಬ್ಯಾಕಪ್ ರೂಪದಲ್ಲಿ ಇರುತ್ತದೆ. ತೆರೆದಾಗ ಬ್ಯಾಕಪ್‌ನಿಂದ ಡೇಟಾಬೇಸ್ ಎದ್ದು ನಿಲ್ಲಬೇಕು, ಸೇವ್ ಮಾಡುವಾಗ ಮತ್ತೆ ಬ್ಯಾಕಪ್ ಆಗಿ ಜಿಪ್ ಸೇರಬೇಕು. ಎಂಜಿನ್ ಎಷ್ಟೇ ಗಟ್ಟಿಯಾಗಿದ್ದರೂ ಕೊನೆಯ ಹೆಜ್ಜೆ ಜಿಪ್ಪಿನದ್ದೇ.

ಉಳಿದದ್ದು ಏನು, ಹೋದದ್ದು ಏನು

ಪರಿಚಯದವರೊಬ್ಬರು ಒಂದು ಪುಟ್ಟ ಗ್ರಂಥಾಲಯ ನೋಡಿಕೊಳ್ಳುತ್ತಿದ್ದರು. ಪುಸ್ತಕಗಳ ಪಟ್ಟಿಯನ್ನು ಒಡಿಬಿಯಲ್ಲಿ ಇಟ್ಟಿದ್ದರು. ಬಹಳ ಅಚ್ಚುಕಟ್ಟಾಗಿ ಮಾಡಿದ ಫಾರ್ಮ್. ಲೇಖಕರ ಹೆಸರು ಆರಿಸಲು ಲಿಸ್ಟ್ ಬಾಕ್ಸ್, ಕೆಳಗೆ ಸಬ್‌ಫಾರ್ಮ್‌ನಲ್ಲಿ ಯಾರು ಯಾವಾಗ ಪುಸ್ತಕ ಒಯ್ದರು ಅನ್ನುವ ಪಟ್ಟಿ. ಒಂದು ಸಂಜೆ ಫೈಲ್ ಮುಚ್ಚುವ ಹೊತ್ತಿಗೆ ಸರಿಯಾಗಿ ಕರೆಂಟ್ ಹೋಯಿತು. ಮರುದಿನ ಫೈಲ್ ತೆರೆಯಲಿಲ್ಲ. ಅವರು ಅದನ್ನು ನನಗೆ ಕೊಟ್ಟು, ಏನಾದರೂ ಸಿಗುತ್ತಾ ನೋಡಿ ಅಂದರು.

ಜಿಪ್ ಫೈಲಿನಲ್ಲಿ ಒಳಗೆ ಏನೇನಿದೆ ಅನ್ನುವ ಪಟ್ಟಿ ಇರುವುದು ಫೈಲಿನ ಕೊನೆಯಲ್ಲಿ. ಬರೆಯುವುದು ಅರ್ಧಕ್ಕೆ ನಿಂತರೆ ಮೊದಲು ಹೋಗುವುದು ಆ ಪಟ್ಟಿಯೇ. ಮಾಮೂಲಿ ತಂತ್ರಾಂಶ ಅದನ್ನು ಜಿಪ್ ಅಂತಲೇ ಒಪ್ಪುವುದಿಲ್ಲ. ರಿಪೇರಿ ಮಾಡುವ ಆಜ್ಞೆ ಕೊಟ್ಟರೆ, ಅದು ಫೈಲನ್ನು ಮೊದಲಿಂದ ಹುಡುಕುತ್ತಾ ಸಿಕ್ಕಷ್ಟನ್ನು ಎತ್ತಿಕೊಡುತ್ತದೆ. ಹಾಗೆ ಎತ್ತಿದಾಗ ಫಾರ್ಮ್‌ಗಳು ಸಿಕ್ಕವು. ಬಟನ್ನಿನ ಬಣ್ಣ ಕೂಡ ಹಾಗೇ ಇತ್ತು. ಸ್ಕ್ರಿಪ್ಟ್ ಫೈಲ್ ಸಿಕ್ಕಿತು. ಡೇಟಾ ಫೈಲ್ ಸಿಗಲಿಲ್ಲ.

ಆ ಸ್ಕ್ರಿಪ್ಟನ್ನು ನೋಟ್‌ಪ್ಯಾಡಿನಲ್ಲಿ ತೆರೆದು ಇಬ್ಬರೂ ಓದಿದೆವು. ಅದು ಸಾದಾ ಪಠ್ಯ. ಯಾವ ಟೇಬಲ್, ಯಾವ ಕಾಲಮ್, ಯಾವುದಕ್ಕೆ ಯಾವುದು ಪ್ರೈಮರಿ ಕೀ (ಪ್ರತಿ ಸಾಲನ್ನೂ ಬೇರೆಯಾಗಿ ಗುರುತಿಸುವ ಕಾಲಮ್), ಎಲ್ಲ ಡೇಟಾಬೇಸಿಗೆ ಆಜ್ಞೆ ಕೊಡುವ ಭಾಷೆಯಾದ ಎಸ್‌ಕ್ಯೂಎಲ್ ಸಾಲುಗಳಾಗಿ ಇದ್ದವು. ಅವರು ಕಾಲಮ್‌ಗಳಿಗೆ ಇಂಗ್ಲಿಷೇತರ ಹೆಸರು ಇಟ್ಟಿದ್ದರು. ಎಚ್‌ಎಸ್‌ಕ್ಯೂಎಲ್‌ಡಿಬಿ ಆ ಅಕ್ಷರಗಳನ್ನು ಹಾಗೇ ಬರೆಯುವುದಿಲ್ಲ. ಒಂದೊಂದು ಅಕ್ಷರಕ್ಕೂ ಒಂದು ಓರೆಗೆರೆ, ಒಂದು ಯು, ಆಮೇಲೆ ಅದರ ಯುನಿಕೋಡ್ ಸಂಖ್ಯೆ. ಅದನ್ನು ಬಿಡಿಸಿ ಓದುತ್ತಾ ಹೋದಾಗ ಒಂದು ಸಾಲು ಬಂತು. ಪುಸ್ತಕಗಳ ಟೇಬಲ್ಲಿನ ಕ್ರಮಸಂಖ್ಯೆ ಮುಂದೆ ಎಷ್ಟರಿಂದ ಶುರುವಾಗಬೇಕು ಅಂತ ಹೇಳುವ ಸಾಲು. ನಾಲ್ಕಂಕಿಯ ಒಂದು ಸಂಖ್ಯೆ. ಅಷ್ಟು ದಾಖಲೆಗಳು ಅಲ್ಲಿದ್ದವು ಅನ್ನುವುದಕ್ಕೆ ಅದೊಂದೇ ಸಾಕ್ಷಿ. ಅವರು ಆ ಸಂಖ್ಯೆಯನ್ನು ನೋಡುತ್ತಾ ಸುಮ್ನೆ ಕೂತರು. ಒಂದೊಂದು ಪುಸ್ತಕವನ್ನೂ ಕೈಯಲ್ಲಿ ಹಿಡಿದು, ಒಳಪುಟ ತಿರುಗಿಸಿ, ಪ್ರಕಟಣೆಯ ವರ್ಷ ನೋಡಿ ಟೈಪ್ ಮಾಡಿದ್ದವರು ಅವರು.

ಆವತ್ತಿನಿಂದ ನನಗೆ ಈ ವಿಷಯ ಅನುಕೂಲ-ಅನಾನುಕೂಲದ ಚರ್ಚೆಯಾಗಿ ಉಳಿದಿಲ್ಲ. ಫಾರ್ಮನ್ನು ಮತ್ತೆ ಒಂದು ವಾರಾಂತ್ಯದಲ್ಲಿ ಮಾಡಿಕೊಳ್ಳಬಹುದು. ಅಂದು ಉಳಿದದ್ದು ಅದೇ. ಅಷ್ಟು ಸುಲಭವಾಗಿ ಮತ್ತೆ ಮಾಡಿಕೊಳ್ಳಲು ಆಗದ್ದು ಹೋಯಿತು. ಎರಡನ್ನೂ ಒಂದೇ ಜಿಪ್ಪಿಗೆ ಕಟ್ಟಿದ್ದೇ ಅದಕ್ಕೆ ಕಾರಣ.

ಓಪನ್ ಡಾಕ್ಯುಮೆಂಟ್ ಮಾನಕದ 1.2ನೇ ಆವೃತ್ತಿ ಈ ಬಗೆಯ ಫೈಲನ್ನು ಡೇಟಾಬೇಸಿನ ಮುಂಭಾಗ ಅಂತಲೇ ವಿವರಿಸುತ್ತದೆ. ಕನೆಕ್ಷನ್ ಹೇಗಿರಬೇಕು, ಕ್ವೆರಿ, ಫಾರ್ಮ್, ರಿಪೋರ್ಟ್ ಹೇಗಿರಬೇಕು ಅನ್ನುವುದಕ್ಕೆ ಅಲ್ಲಿ ನಿಯಮ ಇದೆ. ಡೇಟಾದ ಸಾಲುಗಳು ಎಂಜಿನ್‌ಗೆ ಬಿಟ್ಟ ವಿಷಯ. ಹಾಗಾಗಿ ಒಡಿಬಿಯನ್ನು ಮುಂಭಾಗವಾಗಿ ಮಾತ್ರ ಬಳಸುವುದು ಯಾವುದೋ ಅಡ್ಡದಾರಿ ಅಲ್ಲ. ಅದು ಇರುವುದೇ ಅದಕ್ಕೆ.

ಹೊರಗೆ ತರುವುದು ಹೇಗೆ

ಹೊರಗಿನ ಎಂಜಿನ್ ಅಂದ ತಕ್ಷಣ ಸರ್ವರ್, ನೆಟ್‌ವರ್ಕ್, ಅದನ್ನು ನೋಡಿಕೊಳ್ಳಲು ಒಬ್ಬರು ಅಂತೆಲ್ಲ ಕಣ್ಮುಂದೆ ಬರುತ್ತದೆ. ಒಬ್ಬರೇ ಬಳಸುವುದಾದರೆ ಅಷ್ಟು ಬೇಕಿಲ್ಲ. ಅದೇ ಎಚ್‌ಎಸ್‌ಕ್ಯೂಎಲ್‌ಡಿಬಿಯನ್ನು ಜಿಪ್ಪಿನಿಂದ ಹೊರಗೆ ತಂದರೆ ಸಾಕು. ಒಡಿಬಿಯನ್ನು ಬಿಚ್ಚಿ, ಡೇಟಾಬೇಸ್ ಫೋಲ್ಡರಿನ ಫೈಲುಗಳನ್ನು ಬೇರೆ ಕಡೆ ಇಟ್ಟು, ಎಲ್ಲದರ ಮುಂದೆ ಒಂದೇ ಹೆಸರು ಸೇರಿಸಬೇಕು. ‘ಲೈಬ್ರರಿ’ ಅಂತ ಇಟ್ಟರೆ ಲೈಬ್ರರಿ ಡಾಟ್ ಸ್ಕ್ರಿಪ್ಟ್, ಲೈಬ್ರರಿ ಡಾಟ್ ಡೇಟಾ, ಹೀಗೆ. ಆಮೇಲೆ ಎಚ್‌ಎಸ್‌ಕ್ಯೂಎಲ್‌ಡಿಬಿಯ ಜಾರ್ ಫೈಲನ್ನು (ಎಂಜಿನ್ನಿನ ಜಾವಾ ಫೈಲ್ ಅದು) ಆಯ್ಕೆಗಳ ಅಡ್ವಾನ್ಸ್ಡ್ ಪುಟದಲ್ಲಿ ಕ್ಲಾಸ್ ಪಾಥ್ ಎಂಬ ಪಟ್ಟಿಗೆ ಸೇರಿಸಿ, ತಂತ್ರಾಂಶವನ್ನು ಮುಚ್ಚಿ ತೆರೆದು, ಜೆಡಿಬಿಸಿ ಮೂಲಕ ಆ ಫೋಲ್ಡರಿಗೆ ಕನೆಕ್ಟ್ ಆಗಬೇಕು. ಈಗ ಎಂಜಿನ್ ನೇರವಾಗಿ ಡಿಸ್ಕಿಗೆ ಬರೆಯುತ್ತದೆ, ತನ್ನ ಲಾಗನ್ನು ತಾನೇ ನೋಡಿಕೊಳ್ಳುತ್ತದೆ. ಬರೆಯುವುದನ್ನು ತಡಮಾಡುವ ಒಂದು ಸೆಟ್ಟಿಂಗ್ ಅದರಲ್ಲಿದೆ, ರೈಟ್ ಡಿಲೇ ಅಂತ. ಅದನ್ನು ಆಫ್ ಮಾಡಿ. ಸ್ವಲ್ಪ ನಿಧಾನವಾದರೂ ಪರವಾಗಿಲ್ಲ.

ಇದರ ಜೊತೆ ಇನ್ನೊಂದು ಲಾಭ ಸಿಗುತ್ತದೆ. ಒಡಿಬಿ ಒಳಗಿನ ಎಚ್‌ಎಸ್‌ಕ್ಯೂಎಲ್‌ಡಿಬಿ 1.8ರಲ್ಲೇ ನಿಂತಿದೆ. ಹೊರಗಿನ ಪ್ರಪಂಚದಲ್ಲಿ 2.0 ಬಂದದ್ದು 2010ರಲ್ಲಿ. ಹೊರಗೆ ಬಂದ ಡೇಟಾವನ್ನು ಹೊಸ ಎಂಜಿನ್ ತೆರೆಯುತ್ತದೆ. ಆದರೆ ಒಮ್ಮೆ ತೆರೆದರೆ ಅದು ಹೊಸ ರೂಪಕ್ಕೆ ಬದಲಾಗುತ್ತದೆ, ಮತ್ತೆ 1.8ಕ್ಕೆ ವಾಪಸ್ ಹೋಗಲು ಆಗದು. ಮೂಲ ಒಡಿಬಿಯ ಪ್ರತಿಯೊಂದನ್ನು ಎತ್ತಿಟ್ಟೇ ಮುಂದುವರಿಯಬೇಕು.

ಇಬ್ಬರು ಮೂವರು ಒಟ್ಟಿಗೆ ಬಳಸುವುದಾದರೆ ಮಾತ್ರ ಸರ್ವರ್ ಬೇಕು. ನನ್ನ ಒಲವು ಪೋಸ್ಟ್‌ಗ್ರೆಸ್‌ಕ್ಯೂಎಲ್ ಎಂಬ ಮುಕ್ತ ಡೇಟಾಬೇಸ್ ಸರ್ವರ್ ಕಡೆಗೆ. ಅದಕ್ಕೆ ಬೇಕಾದ ಡ್ರೈವರ್ 3.5ನೇ ಆವೃತ್ತಿಯಿಂದ ಲಿಬ್ರೆಆಫೀಸ್ ಜೊತೆಯಲ್ಲೇ ಬರುತ್ತದೆ, ಜಾವಾದ ಗೊಡವೆ ಇಲ್ಲ. ಡೇಟಾಬೇಸಿನ ಹೆಸರು, ಯಂತ್ರದ ವಿಳಾಸ, 5432 ಅನ್ನುವ ಪೋರ್ಟ್, ಇಷ್ಟು ಕೊಟ್ಟರೆ ಮುಗಿಯಿತು. ಅಂಥದ್ದೇ ಇನ್ನೊಂದಾದ ಮಾರಿಯಾಡಿಬಿ ಬಳಸಿ ಅಭ್ಯಾಸ ಇರುವವರು ಅದನ್ನೇ ಬಳಸಲಿ, ಅದೂ ಚೆನ್ನಾಗಿದೆ. ಜೆಡಿಬಿಸಿ ಅಥವಾ ಒಡಿಬಿಸಿ ದಾರಿ ಹಿಡಿದವರು ಒಂದು ವಿಷಯ ಮೊದಲೇ ನೋಡಿಕೊಳ್ಳಬೇಕು. ಆಫೀಸ್ 64 ಬಿಟ್ ಆಗಿದ್ದರೆ ಜಾವಾ, ಒಡಿಬಿಸಿ ಡ್ರೈವರ್ ಎಲ್ಲವೂ 64 ಬಿಟ್ ಆಗಿರಬೇಕು. ಇಲ್ಲದಿದ್ದರೆ ಬರುವ ತಪ್ಪಿನ ಸಂದೇಶ ಓದಿ ಯಾರಿಗೂ ಕಾರಣ ಹೊಳೆಯುವುದಿಲ್ಲ.

ಇನ್ನು ಟೇಬಲ್‌ಗಳನ್ನು ಸಾಗಿಸುವುದು. ಎರಡು ಬೇಸ್ ಕಿಟಕಿ ತೆರೆದು, ಹಳೆಯದರಿಂದ ಟೇಬಲ್ ಎಳೆದು ಹೊಸದರಲ್ಲಿ ಬಿಟ್ಟರೆ ಅದು ತಾನೇ ಕೇಳುತ್ತದೆ. ವಿನ್ಯಾಸ ಮತ್ತು ಡೇಟಾ ಎರಡೂ ಬೇಕಾ, ಡೇಟಾ ಮಾತ್ರ ಸೇರಿಸಬೇಕಾ ಅಂತ. ಇದಕ್ಕಿಂತ ಸುಲಭ ದಾರಿ ನನಗೆ ಬೇರೆ ಕಂಡಿಲ್ಲ. ಪ್ರೈಮರಿ ಕೀ ಬಂದಿದೆಯಾ ಅಂತ ಮಾತ್ರ ಮರೆಯದೆ ನೋಡಿ. ಪ್ರೈಮರಿ ಕೀ ಇಲ್ಲದ ಟೇಬಲ್ಲನ್ನು ಬೇಸ್ ತೋರಿಸುತ್ತದೆ, ತಿದ್ದಲು ಬಿಡುವುದಿಲ್ಲ.

ಎರಡೂ ಸೇರುವ ಜಾಗ

ಕನೆಕ್ಟ್ ಆಯಿತು ಅಂದರೆ ಕೆಲಸ ಮುಗಿಯಿತು ಅಂತ ಬಹಳ ಜನ ಅಂದುಕೊಳ್ಳುತ್ತಾರೆ. ನಿಜವಾದ ಕೆಲಸ ಶುರುವಾಗುವುದು ಆಮೇಲೆ. ಎರಡೂ ಕಡೆಯವರಿಗೆ ಎಸ್‌ಕ್ಯೂಎಲ್ ಬರುತ್ತದೆ. ಆದರೆ ಇಬ್ಬರ ರೂಢಿ ಬೇರೆ.

ಹೆಸರಿನ ವಿಷಯ ತಗೊಳ್ಳಿ. ಬೇಸ್‌ನಲ್ಲಿ ಟೇಬಲ್ ಮಾಡಿದರೆ ಅದು ಎಲ್ಲ ಹೆಸರಿಗೂ ಜೋಡಿ ಉದ್ಧರಣ ಚಿಹ್ನೆ ಹಾಕಿ ಎಂಜಿನ್‌ಗೆ ಕಳಿಸುತ್ತದೆ. ಹಾಗಾಗಿ ಮೊದಲ ಅಕ್ಷರ ಮಾತ್ರ ದೊಡ್ಡದಿರುವ ಹೆಸರು ಹಾಗೇ ಉಳಿಯುತ್ತದೆ. ನಾವು ಕೈಯಾರೆ ಎಸ್‌ಕ್ಯೂಎಲ್ ಬರೆಯುವಾಗ ಚಿಹ್ನೆ ಬಿಟ್ಟರೆ, ಎಚ್‌ಎಸ್‌ಕ್ಯೂಎಲ್‌ಡಿಬಿ ಅದನ್ನು ಪೂರ್ತಿ ದೊಡ್ಡ ಅಕ್ಷರ ಮಾಡಿಕೊಂಡು ಹುಡುಕುತ್ತದೆ, ಪೋಸ್ಟ್‌ಗ್ರೆಸ್‌ಕ್ಯೂಎಲ್ ಪೂರ್ತಿ ಚಿಕ್ಕ ಅಕ್ಷರ ಮಾಡಿಕೊಂಡು ಹುಡುಕುತ್ತದೆ. ಎರಡಕ್ಕೂ ಸಿಗುವುದಿಲ್ಲ. ಟೇಬಲ್ ಕಣ್ಣೆದುರಿಗೇ ಇದೆ, ಎಂಜಿನ್ ಇಲ್ಲ ಅನ್ನುತ್ತದೆ. ಪೋಸ್ಟ್‌ಗ್ರೆಸ್‌ಕ್ಯೂಎಲ್‌ಗೆ ಸಾಗಿಸುವ ಮೊದಲೇ ಎಲ್ಲ ಹೆಸರನ್ನೂ ಚಿಕ್ಕ ಅಕ್ಷರಕ್ಕೆ ತಂದು, ಖಾಲಿ ಜಾಗದ ಬದಲು ಅಡಿಗೆರೆ ಹಾಕಿದರೆ ಈ ತಲೆನೋವು ತಪ್ಪುತ್ತದೆ. ಅಂದಹಾಗೆ ಕನ್ನಡದಲ್ಲಿ ಹೆಸರಿಟ್ಟರೆ ಪೋಸ್ಟ್‌ಗ್ರೆಸ್‌ಕ್ಯೂಎಲ್‌ನಲ್ಲಿ ಈ ಗೊಂದಲವೇ ಇಲ್ಲ. ನಮ್ಮ ಲಿಪಿಯಲ್ಲಿ ದೊಡ್ಡಕ್ಷರ ಚಿಕ್ಕಕ್ಷರ ಇಲ್ಲ ಅಲ್ವಾ.

ಇದಕ್ಕಿಂತ ಜಾಸ್ತಿ ಕಾಡುವುದು ಬೇಸ್‌ನ ಸ್ವಂತ ಎಸ್‌ಕ್ಯೂಎಲ್ ಓದುಗ. ನಾವು ಬರೆದ ಕ್ವೆರಿ ನೇರವಾಗಿ ಎಂಜಿನ್‌ಗೆ ಹೋಗುವುದಿಲ್ಲ. ಮೊದಲು ಬೇಸ್ ಅದನ್ನು ಓದಿ ಅರ್ಥ ಮಾಡಿಕೊಳ್ಳಲು ನೋಡುತ್ತದೆ. ಅದಕ್ಕೆ ಗೊತ್ತಿರುವ ಎಸ್‌ಕ್ಯೂಎಲ್ ಎಂಜಿನ್‌ಗೆ ಗೊತ್ತಿರುವುದಕ್ಕಿಂತ ಕಡಿಮೆ. ಒಮ್ಮೆ ಒಬ್ಬ ಗೆಳತಿಯ ಜೊತೆ ಕೂತಿದ್ದೆ. ಪ್ರತಿ ಸದಸ್ಯರು ಕೊನೆಯ ಸಲ ಯಾವ ಪುಸ್ತಕ ಒಯ್ದರು ಅನ್ನುವ ಪಟ್ಟಿ ಅವಳಿಗೆ ಬೇಕಿತ್ತು. ಸಾಲುಗಳನ್ನು ಗುಂಪು ಮಾಡಿ ಲೆಕ್ಕ ಹಾಕುವ ವಿಂಡೋ ಫಂಕ್ಷನ್ ಬಳಸಿ ಚೆಂದದ ಕ್ವೆರಿ ಬರೆದಿದ್ದಳು. ಪೋಸ್ಟ್‌ಗ್ರೆಸ್‌ಕ್ಯೂಎಲ್‌ನ ಆಜ್ಞಾಸಾಲಿನಲ್ಲಿ ಅದು ತಟ್ಟನೆ ಉತ್ತರ ಕೊಡುತ್ತಿತ್ತು. ಬೇಸ್‌ನಲ್ಲಿ ಹಾಕಿದರೆ ಸಿಂಟ್ಯಾಕ್ಸ್ ತಪ್ಪು ಅನ್ನುತ್ತಿತ್ತು. ನೇರವಾಗಿ ಎಸ್‌ಕ್ಯೂಎಲ್ ಓಡಿಸುವ ಬಟನ್ ಒತ್ತಿದಾಗ ಓಡಿತು. ಆದರೆ ಅವಳಿಗೆ ಸದಸ್ಯರ ಹೆಸರನ್ನು ಕೇಳಿ ಹುಡುಕುವ ಪ್ಯಾರಾಮೀಟರ್ ಕೂಡ ಬೇಕಿತ್ತು. ನೇರ ದಾರಿಯಲ್ಲಿ ಅದು ಕೆಲಸ ಮಾಡುವುದಿಲ್ಲ. ಆ ಪೆಟ್ಟಿಗೆ ತೆರೆದು ಹೆಸರು ಕೇಳುವುದು ಎಂಜಿನ್ ಅಲ್ಲ, ಬೇಸ್.

ಬಿಡಿಸಿಕೊಂಡದ್ದು ಹೀಗೆ. ಆ ಕ್ವೆರಿಯನ್ನು ಎಂಜಿನ್ ಒಳಗೇ ಒಂದು ವ್ಯೂ ಮಾಡಿದಳು, ಅಂದರೆ ಹೆಸರು ಕೊಟ್ಟು ಅಲ್ಲೇ ಉಳಿಸಿದಳು. ಬೇಸ್‌ಗೆ ವ್ಯೂ ಕೂಡ ಒಂದು ಟೇಬಲ್ಲಿನ ಹಾಗೆಯೇ ಕಾಣುತ್ತದೆ. ಅದರ ಮೇಲೆ ಒಂದು ಸಾಲಿನ ಸರಳ ಕ್ವೆರಿ, ಹೆಸರು ಕೇಳುವ ಪ್ಯಾರಾಮೀಟರ್ ಸಮೇತ. ಕಷ್ಟದ ಲೆಕ್ಕ ಎಂಜಿನ್ ಕಡೆ, ಕೇಳುವ-ತೋರಿಸುವ ಕೆಲಸ ಬೇಸ್ ಕಡೆ. ಅದನ್ನು ನೋಡಿದ ಮೇಲೆ ನಾನೂ ಹಾಗೇ ಮಾಡುತ್ತಾ ಬಂದಿದ್ದೇನೆ. ಸ್ವಲ್ಪ ತಿರುಚು ಇರುವ ಯಾವ ಕ್ವೆರಿಯನ್ನೂ ಒಡಿಬಿ ಒಳಗೆ ಇಡುವುದಿಲ್ಲ. ಇದರಿಂದ ಇನ್ನೊಂದು ಅನುಕೂಲವೂ ಆಯಿತು. ನಾಳೆ ಬೇಸ್ ಬಿಟ್ಟು ಬೇರೆ ಏನನ್ನೇ ಬಳಸಿದರೂ ಆ ವ್ಯೂಗಳು ಅಲ್ಲೇ ಇರುತ್ತವೆ.

ಇನ್ನೆರಡು ಸಣ್ಣ ವಿಷಯ. ಜೆಡಿಬಿಸಿಯಲ್ಲಿ ಎಚ್‌ಎಸ್‌ಕ್ಯೂಎಲ್‌ಡಿಬಿ 2 ಬಳಸುವಾಗ ಕ್ವೆರಿಯಲ್ಲಿ ಕಾಲಮ್‌ಗೆ ಕೊಟ್ಟ ಅಡ್ಡಹೆಸರು ಕಾಣದೆ ಮೂಲ ಹೆಸರೇ ಬಂದರೆ, ಕನೆಕ್ಷನ್ ಸಾಲಿನಲ್ಲಿ ‘ಗೆಟ್ ಕಾಲಮ್ ನೇಮ್’ ಆಯ್ಕೆಯನ್ನು ಫಾಲ್ಸ್ ಮಾಡಿ. ಹೊಸ ದಾಖಲೆ ಸೇರಿಸಿದ ಕೂಡಲೇ ಸಬ್‌ಫಾರ್ಮ್ ಕೈಕೊಟ್ಟರೆ, ಎಂಜಿನ್ ತಾನಾಗಿ ಕೊಟ್ಟ ಕ್ರಮಸಂಖ್ಯೆ ಬೇಸ್‌ಗೆ ತಿಳಿದಿಲ್ಲ ಅಂತ ಅರ್ಥ. ಅದನ್ನು ಹೇಗೆ ಕೇಳಬೇಕು ಅಂತ ಹೇಳಿಕೊಡುವ ಜಾಗ ಅಡ್ವಾನ್ಸ್ಡ್ ಸೆಟ್ಟಿಂಗ್ಸ್‌ನಲ್ಲಿದೆ.

ಇಷ್ಟೆಲ್ಲ ಯಾಕೆ

ಸರ್ವರ್ ತನಕ ಹೋದ ಮೇಲೆ ಬೇಸ್ ಯಾಕೆ, ಒಂದು ವೆಬ್ ಆಪ್ ಬರೆದುಬಿಡಿ ಅನ್ನುವವರು ಇದ್ದಾರೆ. ಬರೆಯಲು ಬರುವವರು ಬರೆಯಲಿ. ಆದರೆ ಒಂದು ಫಾರ್ಮ್ ಬೇಕು, ಅದನ್ನು ತಾನೇ ಮಾಡಿಕೊಳ್ಳಬೇಕು, ನಾಳೆ ಒಂದು ಕಾಲಮ್ ಜಾಸ್ತಿಯಾದರೆ ಯಾರನ್ನೂ ಕಾಯದೆ ತಾನೇ ಸೇರಿಸಬೇಕು ಅನ್ನುವವರಿಗೆ ಬೇಸ್ ಕೊಡುವ ಸ್ವಾತಂತ್ರ್ಯ ದೊಡ್ಡದು. ಡೇಟಾಬೇಸನ್ನು ರಿಜಿಸ್ಟರ್ ಮಾಡಿದರೆ ಉಳಿದ ತಂತ್ರಾಂಶಗಳೂ ಅದನ್ನು ನೋಡುತ್ತವೆ. ಕ್ಯಾಲ್ಕ್‌ನಲ್ಲಿ ಕ್ವೆರಿಯನ್ನು ಹಾಳೆಯ ಮೇಲೆ ಎಳೆದುಬಿಟ್ಟರೆ ಅಂಕಿಗಳು ಬಂದು ಕೂರುತ್ತವೆ. ಡೇಟಾ ಬದಲಾದರೆ ರಿಫ್ರೆಶ್ ಒತ್ತಿದರೆ ಆಯಿತು. ರೈಟರ್‌ನಲ್ಲಿ ಅದೇ ಟೇಬಲ್ಲಿನಿಂದ ಪತ್ರಗಳು, ಲೇಬಲ್‌ಗಳು ಬರುತ್ತವೆ. ಇಷ್ಟು ಹತ್ತಿರದ ಬೆಸುಗೆಯನ್ನು ಹೊಸದಾಗಿ ಕಟ್ಟಿಕೊಳ್ಳುವುದು ಸುಲಭವಲ್ಲ.

ಡೇಟಾ ಹೊರಗೆ ಹೋದ ಮೇಲೆ ಒಡಿಬಿಯನ್ನು ಒಂದಕ್ಕಿಂತ ಹೆಚ್ಚು ಮಾಡಿಕೊಳ್ಳಬಹುದು. ದಾಖಲೆ ಸೇರಿಸುವವರಿಗೆ ಒಂದು, ವರದಿ ಮಾತ್ರ ನೋಡುವವರಿಗೆ ಇನ್ನೊಂದು. ಎರಡನೆಯವರಿಗೆ ಎಂಜಿನ್‌ನಲ್ಲೇ ಓದುವ ಅನುಮತಿ ಮಾತ್ರ ಕೊಟ್ಟರೆ, ಫಾರ್ಮ್‌ನಲ್ಲಿ ಏನೇ ಒತ್ತಿದರೂ ಡೇಟಾ ಅಲುಗುವುದಿಲ್ಲ. ಯಾರೋ ಫಾರ್ಮ್ ಕೆಡಿಸಿಕೊಂಡರೆ ಆ ಒಡಿಬಿಯನ್ನು ಅಳಿಸಿ ಒಳ್ಳೆಯ ಪ್ರತಿ ಕೊಟ್ಟರೆ ಮುಗಿಯಿತು. ಒಂದು ಮಾತ್ರ ಹೇಳಿಕೊಡಬೇಕು. ಫಾರ್ಮ್ ತಾನು ಓದಿದಾಗ ಇದ್ದದ್ದನ್ನೇ ತೋರಿಸುತ್ತಿರುತ್ತದೆ. ಪಕ್ಕದವರು ಈಗ ಸೇರಿಸಿದ ಸಾಲು ಕಾಣಬೇಕಾದರೆ ರಿಫ್ರೆಶ್ ಮಾಡಬೇಕು.

ಕಳೆದುಕೊಳ್ಳುವುದೂ ಇದೆ. ಒಡಿಬಿಯನ್ನು ಕಾಪಿ ಮಾಡಿದರೆ ಎಲ್ಲ ಬಂತು ಅನ್ನುವ ನೆಮ್ಮದಿ ಇನ್ನಿಲ್ಲ. ಆ ಕಾಪಿಯಲ್ಲಿ ಡೇಟಾ ಇರುವುದಿಲ್ಲ. ಹೊರಗಿಟ್ಟ ಎಚ್‌ಎಸ್‌ಕ್ಯೂಎಲ್‌ಡಿಬಿ ಫೋಲ್ಡರನ್ನು ಜಾಗ ಬದಲಿಸಿದರೆ ಕನೆಕ್ಷನ್ ಸಾಲಿನಲ್ಲಿರುವ ದಾರಿಯನ್ನೂ ತಿದ್ದಬೇಕು. ಬ್ಯಾಕಪ್ ಈಗ ಬೇರೆಯೇ ಒಂದು ಕೆಲಸ. ಪೋಸ್ಟ್‌ಗ್ರೆಸ್‌ಕ್ಯೂಎಲ್‌ಗೆ ಪಿಜಿ ಡಂಪ್ ಇದೆ, ಮಾರಿಯಾಡಿಬಿಗೂ ಅದರದೇ ಡಂಪ್ ಇದೆ. ಎಚ್‌ಎಸ್‌ಕ್ಯೂಎಲ್‌ಡಿಬಿಯಾದರೆ ಡೇಟಾಬೇಸನ್ನು ಸರಿಯಾಗಿ ಮುಚ್ಚಿ ಪೂರ್ತಿ ಫೋಲ್ಡರನ್ನು ಕಾಪಿ ಮಾಡಿದರೆ ಸಾಕು. ದಿನಕ್ಕೊಮ್ಮೆ ತಾನಾಗಿ ನಡೆಯುವ ಹಾಗೆ ಇಡಿ. ಆಮೇಲೆ ಆ ಬ್ಯಾಕಪ್ಪನ್ನು ಒಂದು ಖಾಲಿ ಡೇಟಾಬೇಸಿಗೆ ಇಳಿಸಿ, ಒಡಿಬಿಯ ಒಂದು ಪ್ರತಿಯನ್ನು ಅದಕ್ಕೆ ಕನೆಕ್ಟ್ ಮಾಡಿ, ಫಾರ್ಮ್ ತೆರೆದು ಕೊನೆಯ ದಾಖಲೆ ಇದೆಯಾ ನೋಡಿ. ಪುಸ್ತಕ ಪಟ್ಟಿ ಕಳೆದುಕೊಂಡ ಆ ಪರಿಚಯದವರು ಈಗ ಪೋಸ್ಟ್‌ಗ್ರೆಸ್‌ಕ್ಯೂಎಲ್‌ನಲ್ಲಿ ಎಲ್ಲವನ್ನೂ ಮತ್ತೆ ಸೇರಿಸಿದ್ದಾರೆ. ತಿಂಗಳ ಮೊದಲ ದಿನ ಈ ಪರೀಕ್ಷೆ ಮಾಡುತ್ತಾರೆ, ಕಾಲು ಗಂಟೆಯೂ ಹಿಡಿಯುವುದಿಲ್ಲ.